ಅಣ್ಣನ ಮಾತು ಇಲ್ಲದ ಸಿನಿಮಾ

ಅಣ್ಣನಿಗೆ ಲಕ್ವ ಹೊಡೆದ ಮೇಲೆ ಅವನ ಬಾಯಲ್ಲಿ ಉಳಿದದ್ದು ಒಂದೇ ಮಾತು. 'ಆತು.' ಆಸ್ಪತ್ರೆಯಲ್ಲಿ ಕಣ್ಣು ತೆರೆದಾಗ ಅದನ್ನೇ ಅಂದ, ಮನೆಗೆ ಕರೆತಂದಾಗಲೂ ಅದನ್ನೇ ಅಂದ. ನೀರು ಬೇಕೇ ಅಂದರೆ ಆತು, ಬೇಡವೇ ಅಂದರೆ ಆತು. ಸಿಟ್ಟು ಬಂದರೂ ಅದೇ, ಅಳು ಬಂದರೂ ಅದೇ. ನೋಡಲು ಬಂದ ಊರವರು, 'ಆರಾಮ ಆಗ್ತೀರಿ, ಚಿಂತಿ ಬಿಡ್ರಿ' ಅಂದರೆ 'ಆತು' ಅನ್ನುತ್ತಿದ್ದ. ಅವರು ಇವನಿಗೆಷ್ಟು ಧೈರ್ಯ ಎಂದು ಹೊಗಳುತ್ತ ಹೋಗುತ್ತಿದ್ದರು. ಧೈರ್ಯವಲ್ಲ, ಅವನ ಹತ್ತಿರ ಬೇರೆ ಮಾತಿರಲಿಲ್ಲ.

ಅತ್ತಿಗೆ ಮಾತ್ರ ಅಷ್ಟರಲ್ಲೇ ಸಂಸಾರ ನಡೆಸುವುದನ್ನು ಕಲಿತುಬಿಟ್ಟಳು. ಆ ಒಂದು ಉತ್ತರ ಸರಿಹೊಂದುವಂಥ ಪ್ರಶ್ನೆಗಳನ್ನಷ್ಟೇ ಕೇಳುತ್ತಿದ್ದಳು. 'ಚಾ ತರ್ಲೇನ್ರಿ?' 'ಆತು.' 'ಕಿಡಕಿ ತೆಗೀಲೇನ್ರಿ?' 'ಆತು.' 'ಇವತ್ತ ಚಪಾತಿ ಬ್ಯಾಡ, ರೊಟ್ಟೀನ ಮಾಡ್ತೇನಿ.' 'ಆತು.' ಕಟ್ಟೆಯ ಮೇಲೆ ಕುಳಿತು ಕೇಳಿದವರಿಗೆ ಗಂಡಹೆಂಡತಿ ಎಷ್ಟು ಹೊಂದಿಕೊಂಡು ಮಾತಾಡುತ್ತಿದ್ದಾರೆ ಅನ್ನಿಸಬೇಕು. ಮದುವೆಯಾದ ಮೇಲೆ ಅಣ್ಣ ತನ್ನ ಮಾತಿಗೆ ಇಷ್ಟು ಒಪ್ಪಿದ್ದು ಈಗಲೇ ಎಂದು ಅವಳೇ ಒಮ್ಮೆ ನಗೆಯಾಡಿದಳು. ನಕ್ಕು ಅಡುಗೆಮನೆಗೆ ಹೋದವಳು ಬಹಳ ಹೊತ್ತು ಹೊರಗೆ ಬರಲಿಲ್ಲ.

ಅಣ್ಣ ಒಕ್ಕಲುತನದವನು. ಹಾನಗಲ್ಲಿನಿಂದ ಸ್ವಲ್ಪ ಒಳಗೆ ನಮ್ಮ ಊರು. ಭತ್ತ, ಗೋವಿನಜೋಳ ಬೆಳೆಯುತ್ತಿದ್ದ. ನಾನು ಹಾನಗಲ್ಲಿನಲ್ಲಿ ಕಚೇರಿಗಳ ಎದುರು ಮೊದಲು ಟೈಪಿಂಗ್ ಮಶೀನು ಇಟ್ಟುಕೊಂಡಿದ್ದೆ, ಈಗ ಝೆರಾಕ್ಸ್ ಅಂಗಡಿ. ಆದರೆ ಈ ಸೀಮೆಯಲ್ಲಿ ಅಣ್ಣನನ್ನು ಯಾರೂ ಒಕ್ಕಲುತನದವನೆಂದು ಕರೆದದ್ದು ನಾನು ಕೇಳಿಲ್ಲ. ಭತ್ತ ಮಾರಲು ಪೇಟೆಗೆ ಬಂದರೆ ಹಮಾಲರು ಕೂಡ 'ದೊರಿ ಬಂದ್ರು, ದಾರಿ ಬಿಡ್ರಿ' ಅನ್ನುತ್ತಿದ್ದರು. ಹರೆಯದಲ್ಲಿ ನಮ್ಮೂರ ನಾಟಕದಲ್ಲಿ ಅವನದು ದೊರೆಯ ಪಾರ್ಟು. ಸುಗ್ಗಿ ಮುಗಿದರೆ ಸಾಕು, ತಾಲೀಮು ಶುರು. ನಾಟಕ ಒಂದೇ, ವರ್ಷ ವರ್ಷವೂ ಅದೇ. ಮುಸುಕು ಹಾಕಿ ನಿಲ್ಲಿಸಿದ ಕಳ್ಳನಿಗೆ ದೊರೆ ಮರಣದಂಡನೆ ಕೊಡುತ್ತಾನೆ. ದಂಡನೆ ಮುಗಿದು ಮುಸುಕು ತೆಗೆದಾಗ ನೋಡಿದರೆ ಅವನದೇ ಮಗ. ಕೊನೆಗೆ ಹೆಣದ ಮುಂದೆ ಕುಳಿತು ದೊರೆ ಆಡುವ ಮಾತಿಗಾಗಿಯೇ ಜನ ಬಂಡಿ ಕಟ್ಟಿಕೊಂಡು ಬರುತ್ತಿದ್ದರು.

ನನ್ನ ಮೋರೆಗೆ ಯಾವ ಪಾರ್ಟೂ ಹೊಂದಲಿಲ್ಲ. ದನಿಯೂ ಗಂಟಲು ದಾಟುತ್ತಿರಲಿಲ್ಲ. ಹಾಗಾಗಿ ನಾಟಕ ಕಲಿಸುವ ಮಾಸ್ತರರು ನನ್ನನ್ನು ಪ್ರಾಂಪ್ಟರ್ ಮಾಡಿದರು. ಪರದೆಯ ಮರೆಯಲ್ಲಿ, ಎಡಗಡೆ, ಪುಸ್ತಕ ಹಿಡಿದು ನಿಲ್ಲುವುದು. ಯಾರಾದರೂ ಮಾತು ಮರೆತರೆ ಎತ್ತಿಕೊಡುವುದು. ಮಾಸ್ತರರದು ಕಟ್ಟುನಿಟ್ಟಿನ ನಿಯಮ, ಮೊದಲ ಶಬ್ದ ಮಾತ್ರ ಕೊಡಬೇಕು. ಇಡೀ ಸಾಲು ಕೊಟ್ಟರೆ ನಟ ನಿನ್ನ ಮಾತು ಕೇಳುತ್ತ ನಿಲ್ಲುತ್ತಾನೆ, ತನ್ನದು ಆಡುವುದಿಲ್ಲ ಅನ್ನುತ್ತಿದ್ದರು. ಅಣ್ಣ ಮರೆಯುತ್ತಿದ್ದದ್ದು ಕಡಿಮೆ. ಮರೆತರೂ ಗಾಬರಿಯಾಗುತ್ತಿರಲಿಲ್ಲ. ಶಲ್ಯ ಸರಿಮಾಡಿಕೊಳ್ಳುವ ನೆವದಲ್ಲಿ ಎಡಕ್ಕೆ ಒಮ್ಮೆ ನೋಡುತ್ತಿದ್ದ, ನಾನು ಒಂದು ಶಬ್ದ ಎಸೆಯುತ್ತಿದ್ದೆ, ಉಳಿದದ್ದು ಧಾರೆಯಾಗಿ ಬರುತ್ತಿತ್ತು.

ಹುಬ್ಬಳ್ಳಿಯ ಡಾಕ್ಟರು ಹೇಳಿದ್ದನ್ನು ಕೇಳಿದಾಗ ನನಗೆ ಇದೆಲ್ಲ ನೆನಪಾಯಿತು. 'ದಿನಾ ಆಡೂ ಮಾತು ಒಂದ ಕಡೆ ಇರ್ತಾವ, ಬಾಯಿಪಾಠ ಮಾಡಿದ್ದು ಇನ್ನೊಂದ ಕಡೆ' ಅಂದರು ಅವರು. 'ಹಾಡು, ವಚನ, ಏನರ ಮೊದಲಿಂದ ಬಾಯಾಗ ಕುಂತದ್ದು ಇದ್ರ ಅನ್ನಿಸಿ ನೋಡ್ರಿ. ಒಮ್ಮೊಮ್ಮೆ ಅಲ್ಲಿಂದ ದಾರಿ ತೆರೀತೈತಿ. ಗ್ಯಾರಂಟಿ ಕೊಡಾಂಗಿಲ್ಲ.' ಮನೆಗೆ ಬಂದು ವಚನದಿಂದ ಶುರು ಮಾಡಿದೆವು. ಬರಲಿಲ್ಲ. ಬರುವುದಾದರೂ ಹೇಗೆ, ಅವನು ವಚನ ಕಲಿತದ್ದೇ ಇಲ್ಲ. ಮಠಕ್ಕೆ ಹೋದರೂ ಕಂಬಕ್ಕೆ ಒರಗಿ ತನ್ನ ಪಾರ್ಟನ್ನೇ ಗುನುಗುತ್ತಿದ್ದವನು.

ಸರಿ, ಪಾರ್ಟನ್ನೇ ಹಿಡಿದೆವು. ನಾನು ಮೊದಲ ಶಬ್ದ ಕೊಟ್ಟೆ, ಅವನು 'ಆತು' ಅಂದ. ಮತ್ತೆ ಕೊಟ್ಟೆ, ಮತ್ತೆ 'ಆತು'. ಯೋಚಿಸಿದಾಗ ತಪ್ಪು ಹೊಳೆಯಿತು. ನಾಟಕದವನ ಮಾತು ಎದುರಿನವರ ಮಾತಿಗೆ ಜೋತುಬಿದ್ದಿರುತ್ತದೆ. ರಾಣಿ ಬಂದು 'ದೊರೆಯೇ, ನಿಮ್ಮ ನ್ಯಾಯ ಇಲ್ಲಿ ಮಲಗಿದೆ, ನೋಡಿ' ಅನ್ನದ ಹೊರತು ದೊರೆಯ ಬಾಯಿ ತೆರೆಯುವುದಿಲ್ಲ. ರಾಣಿಯ ಪಾರ್ಟಿಗೆ ಹೊರಗಿನಿಂದ ಒಬ್ಬ ಕಲಾವಿದೆಯನ್ನು ಕರೆಸುತ್ತಿದ್ದೆವು. ಆಕೆ ತೀರಿಕೊಂಡು ಬಹಳ ಕಾಲವಾಗಿದೆ. ನಾನು ಅತ್ತಿಗೆಗೆ ಕೇಳಿದೆ. ಅವಳು ಕೈಯ ಹಿಟ್ಟನ್ನೂ ತೊಳೆಯದೆ ಬಂದು ನಿಂತು, ಸಂತೆಗೆ ಏನೇನು ತರಬೇಕು ಎಂದು ಹೇಳುವವರ ಹಾಗೆ ಆ ಸಾಲು ಒಪ್ಪಿಸಿದಳು. ಅಣ್ಣ ಅವಳನ್ನೇ ನೋಡಿ ನಕ್ಕ.

'ನನಗ ಬರೂದಿಲ್ಲ ತಮ್ಮಾ' ಅಂದಳು ಅತ್ತಿಗೆ. 'ಆಕಿ ಅಳೂಹಂಗ ಅಳಾಕ ನನಗ ಎಲ್ಲಿ ಬರ್ತೈತಿ?'

ಹಾಗೆನ್ನುವಾಗ ಅವಳ ಕೆನ್ನೆ ಒದ್ದೆಯಾಗಿತ್ತು.

ಈ ನಾಟಕ ಸಿನಿಮಾ ಆಗಿತ್ತು. ನಾವು ಆಡುತ್ತಿದ್ದ ಕಾಲಕ್ಕೇ ಆಗಿತ್ತು, ದೊಡ್ಡ ಪ್ರಶಸ್ತಿಯೂ ಬಂದಿತ್ತು. ಆದರೆ ಪ್ರಶಸ್ತಿ ಬಂದ ಸಿನಿಮಾ ನಮ್ಮ ಕಡೆಯ ಟಾಕೀಸಿಗೆ ಬರುವುದಿಲ್ಲ, ಟಾಕೀಸಿಗೆ ಬಂದದ್ದಕ್ಕೆ ಪ್ರಶಸ್ತಿ ಬರುವುದಿಲ್ಲ. ಒಂದು ಭಾನುವಾರ ಮಧ್ಯಾಹ್ನ ಟೀವಿಯಲ್ಲಿ ಹಾಕಿದರು. ಹೆಸರು ತೋರಿಸುವಷ್ಟರಲ್ಲಿ ಕರೆಂಟು ಹೋಯಿತು. ಹೀಗೆ ನೋಡದೆಯೇ ಅಣ್ಣ ಅದನ್ನು ತನ್ನದೆಂದುಕೊಂಡಿದ್ದ. 'ನಮ್ಮ ನಾಟಕಕ್ಕ ದಿಲ್ಲ್ಯಾಗ ಪ್ರಶಸ್ತಿ ಬಂತು' ಎಂದು ಚಾದಂಗಡಿಯಲ್ಲಿ ಹೇಳಿಕೊಳ್ಳುತ್ತಿದ್ದ. ಈಗ ನಾನು ಮೊಬೈಲಿನಲ್ಲಿ ಹುಡುಕಿಸಿದೆ. ಮಸುಕಾದ ಒಂದು ಚೂರು ಸಿಕ್ಕಿತು, ಅದರಲ್ಲಿ ಕುದುರೆಯ ಕಾಲುಗಳಷ್ಟೇ ಇದ್ದವು.

ಆಗಲೇ ಒಬ್ಬ ಕಾಲೇಜು ಮಾಸ್ತರ ನನ್ನ ಅಂಗಡಿಗೆ ಬಂದದ್ದು. ಹಾನಗಲ್ಲಿನಲ್ಲಿ ಮನೆ, ಸವಣೂರಿನಲ್ಲಿ ಕೆಲಸ, ದಿನವೂ ಬಸ್ಸಿಗೆ ಓಡಾಡುವ ಮನುಷ್ಯ. ಹಂಚಲು ಒಂದು ಹಾಳೆಯ ಪ್ರತಿ ತೆಗೆಸಬೇಕಿತ್ತು. ಶನಿವಾರ ಬೆಳಿಗ್ಗೆ, ಸವಣೂರು, ಹಳೆಯ ಶ್ರೇಷ್ಠ ಚಿತ್ರದ ಪ್ರದರ್ಶನ. ಓದಿದರೆ ನಮ್ಮದೇ ಸಿನಿಮಾ. ಕೆಳಗೆ 'ಮೌನವೇ ಮಾತಾದ ದುರಂತ' ಎಂದು ಬರೆದಿದ್ದರು. ಪ್ರತಿಯೊಂದು ಪ್ರತಿಯ ಮೇಲೂ ಅದು ನನ್ನ ಕಣ್ಣೆದುರಿಗೇ ಹೊರಬಿತ್ತು. ಕಾಲೇಜಿನವರು ಬರೆಯುವುದೇ ಹೀಗೆ ಎಂದು ಬಿಟ್ಟುಬಿಟ್ಟೆ. ನನ್ನ ತಲೆಯಲ್ಲಿ ಓಡುತ್ತಿದ್ದದ್ದು ಒಂದೇ: ತೆರೆಯ ಮೇಲೆ ರಾಣಿ ಬರುತ್ತಾಳೆ, ಅಳುತ್ತಾಳೆ, ಅವಳ ಸಾಲು ಹೇಳುತ್ತಾಳೆ. ಆಮೇಲೆ ಅಣ್ಣ ಸುಮ್ಮನಿರಲು ಸಾಧ್ಯವೇ?

ಬಾಡಿಗೆ ಕಾರು ಮಾಡಿಕೊಂಡು ಹೊರಟೆವು. ಅತ್ತಿಗೆ ಅಣ್ಣನಿಗೆ ಇಸ್ತ್ರಿ ಮಾಡಿದ ಧೋತರ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಮದುವಣಿಗನ ಹಾಗೆ ತಯಾರು ಮಾಡಿದ್ದಳು. ಅವಳೂ ಪೆಟ್ಟಿಗೆಯಿಂದ ಇಳಕಲ್ ಸೀರೆ ತೆಗೆದಿದ್ದಳು. ಬಂಕಾಪುರ ಬಂದಾಗ ಎಲ್ಲೋ ನವಿಲು ಕೂಗಿತು. ಅಲ್ಲಿ ನಾಟಕವಾಡಿದಾಗಲೂ ನಡುನಡುವೆ ಅವು ಕೂಗಿ, ದುಃಖದ ಸೀನಿನಲ್ಲಿ ಜನ ನಕ್ಕಿದ್ದರು. ನಾನು ಅದನ್ನು ನೆನಪಿಸಿದೆ. ಅಣ್ಣ 'ಆತು' ಅಂದ, ಕಣ್ಣು ಅರಳಿಸಿ.

ದಾರಿಯುದ್ದಕ್ಕೂ ನಾನು ಹಳೆಯದನ್ನೇ ತೋಡುತ್ತಿದ್ದೆ. ಡ್ರೈವರನಿಗೆ ಹೇಳಿದೆ, ಹಿರೇಕೆರೂರಿನಲ್ಲಿ ಜನ ದೊರೆಯ ಕೊನೆಯ ಮಾತಿಗೆ ವನ್ಸ್ ಮೋರ್ ಕೂಗಿದರು, ಅಣ್ಣ ಮೊದಲಿನಿಂದ ಮತ್ತೆ ಆಡಿದ. ಮತ್ತೆ ಕೂಗಿದರು, ಮತ್ತೆ ಆಡಿದ. ಅಷ್ಟರಲ್ಲಿ ಒಬ್ಬ ಗೌಡರು ರಂಗದ ಮೇಲೇ ಬಂದು ಅಣ್ಣನ ಹೆಗಲಿಗೆ ಮೆಚ್ಚಿಗೆಯ ಆಯೇರಿಯೆಂದು ಶಲ್ಯ ಹೊದಿಸಿದರು, ಮೈಕಿನಲ್ಲಿ ಅವರ ಮನೆತನದ ಹೆಸರು ಹೇಳುವವರೆಗೂ ದುಃಖ ನಿಲ್ಲಿಸಬೇಕಾಯಿತು. ಇಷ್ಟೆಲ್ಲ ಆಗುವಾಗ ಹೆಣವಾಗಿ ಮಲಗಿದ್ದ ಮಗ ನಿಜವಾಗಿಯೇ ನಿದ್ದೆ ಹೋಗಿ ಗೊರಕೆ ಹೊಡೆದ. ಡ್ರೈವರ್ ಸ್ಟಿಯರಿಂಗ್ ಬಡಿದು ನಕ್ಕ. ಅತ್ತಿಗೆ ನಕ್ಕಳು. ಅಣ್ಣನ ಬಾಯಿಯ ಒಂದು ಬದಿ ನಕ್ಕಿತು. ಬಹಳ ದಿನಗಳ ಮೇಲೆ ನಾವು ಎಲ್ಲಿಗೋ ಹೊರಟ ಮನೆಮಂದಿಯ ಹಾಗೆ ಕಾಣುತ್ತಿದ್ದೆವು.

ಸವಣೂರಿನ ಆ ಸಭಾಂಗಣದಲ್ಲಿ ಕಿಟಕಿಗಳಿಗೆ ಜಮಖಾನ ಕಟ್ಟಿ ಕತ್ತಲೆ ಮಾಡಿದ್ದರು. ಕಾಲೇಜಿನ ಹುಡುಗ ಹುಡುಗಿಯರೇ ಹೆಚ್ಚು. ಕಾಲೇಜು ಮಾಸ್ತರ ಅಣ್ಣನನ್ನು ಮುಂದಿನ ಸಾಲಿನ ನಡುವೆ ಕೂಡಿಸಿದರು, ಕಾಲು ಚಾಚಲು ಜಾಗ ಇರಲೆಂದು. ಲಕ್ವದಿಂದ ಬಿದ್ದುಹೋದ ಬಲಗೈಯ ಕಡೆ ಅತ್ತಿಗೆ ಕುಳಿತಳು, ಎಡಕ್ಕೆ ನಾನು. ಪ್ರೊಜೆಕ್ಟರು ನಮ್ಮ ಹಿಂದೆ ಒಂದು ಮೇಜಿನ ಮೇಲಿತ್ತು.

ಸಿನಿಮಾ ಶುರುವಾಯಿತು. ಕಪ್ಪು ಬಿಳುಪು. ನಮ್ಮ ದೊರೆ ಗುಡುಗುತ್ತಿದ್ದ, ತೆರೆಯ ಮೇಲಿನ ಇವನು ಮನೆಯಲ್ಲಿ ಮಾತಾಡುವ ಹಾಗೆ ಮೆಲ್ಲಗೆ ಆಡುತ್ತಿದ್ದ. ಕಿರೀಟ ಕೂಡ ಇರಲಿಲ್ಲ. ಆದರೂ ಮಾತು ಅವೇ. ಅಣ್ಣ ಬೆನ್ನು ನೆಟ್ಟಗೆ ಮಾಡಿ ಕುಳಿತ. ಅವನ ಎಡಗೈ ತೊಡೆಯ ಮೇಲೆ ಏಳುವುದು, ಇಳಿಯುವುದು, ಬೆರಳು ತೋರುವುದು ಮಾಡತೊಡಗಿತು. ಒಂದೊಂದು ಸನ್ನೆಯೂ ನನಗೆ ಗೊತ್ತಿದ್ದದ್ದೇ. ನ್ಯಾಯದ ಸೀನಿನಲ್ಲಿ ದೊರೆ 'ಮುಸುಕು ತೆಗೆಯಬೇಡಿ, ನ್ಯಾಯಕ್ಕೆ ಮುಖ ಬೇಕಿಲ್ಲ' ಅನ್ನುವ ಮುಂಚೆಯೇ ಅಣ್ಣನ ತುಟಿಗಳು ಒಂದನ್ನೊಂದು ಒತ್ತಿದವು.

'ಮ್' ಅಂದ. 'ಮು.'

ಅತ್ತಿಗೆ ಅಣ್ಣನ ಬೆನ್ನ ಹಿಂದಿನಿಂದ ಕೈ ಚಾಚಿ ನನ್ನ ಅಂಗಿ ಹಿಡಿದು ಜಗ್ಗಿದಳು. 'ಕೇಳಿದ್ಯಾ ತಮ್ಮಾ? ಅದು ಆತು ಅಲ್ಲ. ಬ್ಯಾರೆ ಅಂದ್ರು.' ಕೇಳಿದ್ದೆ. ದೇವರ ಮೇಲೆ ನನಗೆ ಅಂಥ ಭರವಸೆಯೇನೂ ಇಲ್ಲ, ಆ ಹೊತ್ತಿಗೆ ಕಂಡಕಂಡ ದೇವರಿಗೆಲ್ಲ ಹರಕೆ ಹೊತ್ತೆ.

ಕೊನೆಯ ಸೀನು ಬಂತು. ಹೆಣದ ಮುಖದ ಮುಸುಕು ತೆಗೆದರು. ರಾಣಿ ಬಂದಳು. ನಮ್ಮ ಕಲಾವಿದೆಯ ಹಾಗೆ ಎದೆ ಬಡಿದುಕೊಳ್ಳಲಿಲ್ಲ, ಬಾಗಿಲಲ್ಲೇ ನಿಂತು ಹೇಳಿದಳು. 'ದೊರೆಯೇ, ನಿಮ್ಮ ನ್ಯಾಯ ಇಲ್ಲಿ ಮಲಗಿದೆ, ನೋಡಿ.' ಅಕ್ಷರ ಬಿಡದೆ ನಮ್ಮದೇ ಸಾಲು. ಅಣ್ಣ ಎದೆ ತುಂಬ ಉಸಿರೆಳೆದುಕೊಂಡ.

ತೆರೆಯ ಮೇಲಿನ ದೊರೆ ಬಾಯಿ ತೆರೆದ. ತೆರೆದವನು ಹಾಗೆಯೇ ಉಳಿದ. ಮಾತಿಲ್ಲ, ಸಂಗೀತವಿಲ್ಲ. ಅವನ ಮುಖ ಇಡೀ ತೆರೆಯನ್ನು ತುಂಬಿಕೊಂಡು ನಿಂತುಬಿಟ್ಟಿತು. ಜನ ಬಂಡಿ ಕಟ್ಟಿಕೊಂಡು ಕೇಳಲು ಬರುತ್ತಿದ್ದ ಆ ಮಾತನ್ನು ಪೂರಾ ತೆಗೆದುಹಾಕಿದ್ದರು. ಯಂತ್ರ ಕೆಟ್ಟಿತೇ ಎಂದು ನಾನು ತಿರುಗಿ ನೋಡಿದೆ. ಕೆಟ್ಟಿರಲಿಲ್ಲ. ಕತ್ತಲೆಯಲ್ಲಿ ಹುಡುಗಿಯರು ಕಣ್ಣೊರೆಸಿಕೊಳ್ಳುತ್ತಿದ್ದರು.

ಅಣ್ಣನಿಗೆ ಇದು ಹೇಗೆ ತಿಳಿಯಬೇಕು? ರಾಣಿ ತನ್ನ ಮಾತು ಮುಗಿಸಿದ್ದಾಳೆ, ಈಗ ದೊರೆಯದು, ದೊರೆ ಬಾಯಿಬಿಡುತ್ತಿಲ್ಲ. ಆಟ ನಿಂತಿರುವುದು ತನ್ನಿಂದ ಅಂದುಕೊಂಡ. ಅವನ ಎಡಗೈ ಹೆಗಲಿಗೆ ಹೋಗಿ ಇಲ್ಲದ ಶಲ್ಯವನ್ನು ಸರಿಮಾಡಿತು. ನನ್ನ ಕಡೆ ನೋಡಿದ.

ಆ ನೋಟಕ್ಕೆ ನಾನು ಒಂದನ್ನೇ ಮಾಡಬಲ್ಲವನು. ದೊರೆಯ ಮಾತು ಹೀಗೆ: 'ಏಳು ಮಗನೇ, ಏಳು. ತೀರ್ಪು ಕೊಟ್ಟ ದೊರೆ ಅರಮನೆಯಲ್ಲೇ ಉಳಿದ. ಇಲ್ಲಿಗೆ ಬಂದವನು ನಿನ್ನ ಅಪ್ಪ.' ನಾನು ಬಾಗಿ, ನಾಟಕದ ಮಾಸ್ತರರ ನಿಯಮದಂತೆ, ಮೊದಲ ಶಬ್ದ ಕೊಟ್ಟೆ.

'ಏಳು.'

ಅಣ್ಣ ಎದ್ದು ನಿಂತ.

ಲಕ್ವ ಹೊಡೆದಂದಿನಿಂದ ದಿನ ಬೆಳಗಾದರೆ ಊರಿಗೆ ಹೋಗಿ, ಹಾಸಿಗೆಯ ಪಕ್ಕ ನಿಂತು ನಾನು ಅವನಿಗೆ ಹೇಳುತ್ತ ಬಂದದ್ದು ಅದೇ ಶಬ್ದ. ಏಳು ಅಣ್ಣಾ, ಏಳು, ಕಾಲು ಊರು. ನಾಟಕದ ಮಾತು ಕೊಟ್ಟೆನೆಂದು ನಾನು ತಿಳಿದೆ. ಅವನು ತಮ್ಮನ ಮಾತು ಕೇಳಿದ. ಎಡಗೈಯಿಂದ ಕುರ್ಚಿ ಒತ್ತಿ ಹಿಡಿದು, ಯಾರ ಆಸರೆಯೂ ಇಲ್ಲದೆ, ನೆಟ್ಟಗೆ ನಿಂತ. ಪ್ರೊಜೆಕ್ಟರಿನ ಬೆಳಕು ಅವನ ಬೆನ್ನಿಗೆ ಬಿತ್ತು. ಅವನ ಕರಿಯ ನೆರಳು ತೆರೆಗೆ ಹೋಗಿ ದೊರೆಯ ಮುಖವನ್ನು ಮುಚ್ಚಿತು.

'ಯಾರ್ರಿ ಅದು, ಕುಂದರ್ರಿ' ಎಂದು ಹಿಂದಿನಿಂದ ಯಾರೋ ಕೂಗಿದರು. ಒಬ್ಬ ಸಿಳ್ಳೆ ಹಾಕಿದ. ಮಕ್ಕಳದೇನು ತಪ್ಪು, ಅವರಿಗೆ ಏನು ಗೊತ್ತು. ಆದರೆ ನಮ್ಮ ಕಡೆ ಮಾತು ಮರೆತ ನಟನಿಗೆ ಜನ ಸಿಳ್ಳೆಯನ್ನೇ ಹಾಕುತ್ತಿದ್ದರು. ಅಣ್ಣ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಅದನ್ನು ಹಾಕಿಸಿಕೊಂಡವನಲ್ಲ. ನಾನು ನಿಯಮ ಬಿಟ್ಟೆ. ಇಡೀ ಸಾಲನ್ನು ಪಿಸುದನಿಯಲ್ಲಿ ಹೇಳಿದೆ, ಮತ್ತೆ ಹೇಳಿದೆ. ಅವನ ಬಾಯಿ ಮೀನಿನ ಹಾಗೆ ತೆರೆದು ಮುಚ್ಚಿತು, ಏನೂ ಬರಲಿಲ್ಲ.

ಆಮೇಲೆ ಅವನು ಜನರ ಕಡೆ ತಿರುಗಿದ. ಬೆಳಕು ನೇರ ಮುಖಕ್ಕೆ ಹೊಡೆಯಿತು. ಎಡಗೈಯಿಂದ ಬಲಗೈಯನ್ನು ಎತ್ತಿ ತಂದು, ಎದೆಯ ಹತ್ತಿರ ಎರಡನ್ನೂ ಕೂಡಿಸಿದ. ಮಾತು ತಪ್ಪಿದ ನಟ ಮಂದಿಗೆ ಕೈ ಮುಗಿದು 'ತಪ್ಪಾತ್ರಿ' ಅನ್ನುವುದು ನಮ್ಮ ಕಡೆಯ ಪದ್ಧತಿ. ಅವನ ಬಾಯಿಂದ ಅದರ ಅರ್ಧ ಬಂತು.

'ಆತು' ಅಂದ.

ಸಿಳ್ಳೆ ನಿಂತಿತು. ಸಿನಿಮಾ ತನ್ನ ಪಾಡಿಗೆ ಮುಗಿಯಿತು. ನಾವಿಬ್ಬರೂ ಅವನನ್ನು ಕೂಡಿಸಿದೆವು. ಅತ್ತಿಗೆ ಸೆರಗಿನಿಂದ ಅವನ ಬಾಯಿಯ ಜೊಲ್ಲು ಒರೆಸುತ್ತ, 'ನಿಮ್ಮದೇನೂ ತಪ್ಪಿಲ್ರಿ, ನಿಮ್ಮದೇನೂ ತಪ್ಪಿಲ್ರಿ' ಅನ್ನುತ್ತಲೇ ಇದ್ದಳು.

ಕಾಲೇಜು ಮಾಸ್ತರ ಒಳ್ಳೆಯವರು. ಕಾರಿನವರೆಗೂ ಬಂದು ಅಣ್ಣನ ಕಾಲು ಮುಟ್ಟಿದರು. ನಾನು ಕೇಳಿದೆ, 'ಆ ಮಾತು ಯಾಕ ತಗದ್ರು, ಸರ? ನಾಟಕದ ಜೀವಾನ ಅದು.'

ಅವರು ತಡವರಿಸಿದರು. 'ಆ ಮೌನಕ್ಕ ಪ್ರಶಸ್ತಿ ಬಂದದ್ದರಿ. ಮಾತು ಹೇಳಲಾರದ್ದನ್ನ ಮುಖ ಹೇಳ್ತೈತಿ ಅಂತ.'

ನನಗೆ ಮೈ ಉರಿಯಿತು. ಮಾತು ಇದ್ದವರು ಅದನ್ನು ಬೇಕೆಂದು ಬಿಟ್ಟರೆ ಪ್ರಶಸ್ತಿ. ಬನ್ನಿ ನಮ್ಮ ಮನೆಗೆ, ಪಡಸಾಲೆಯಿಂದ ಹಿತ್ತಲಿನವರೆಗೆ ಮೌನ ತುಂಬಿದೆ, ಅದಕ್ಕೂ ಏನಾದರೂ ಕೊಟ್ಟು ಹೋಗಿ ಎನ್ನಬೇಕೆನ್ನಿಸಿತು. ಆದರೆ ಆ ಮುಖ ನನ್ನನ್ನೂ ಹಿಡಿದು ಅಲ್ಲಾಡಿಸಿತ್ತು, ಅದು ಸುಳ್ಳಲ್ಲ. ದೊಡ್ಡ ಸಿನಿಮಾ ಇರಬಹುದು. ನಮಗೆ ಬೇಕಾಗಿದ್ದದ್ದು ಮಾತ್ರ ಅದರಲ್ಲಿರಲಿಲ್ಲ.

ಮರಳುವಾಗ ಡ್ರೈವರ್ ಹಾಡು ಹಾಕಲಿಲ್ಲ. ಅಣ್ಣ ಕಣ್ಣು ಮುಚ್ಚಿದ್ದ, ನಿದ್ದೆಯಿರಲಿಲ್ಲ. ಬಂಕಾಪುರದಲ್ಲಿ ಚಾ ಕುಡಿಯಲು ನಿಲ್ಲಿಸಿದಾಗ ಅತ್ತಿಗೆ, 'ಬಿಸಿ ಐತಿ, ಆರಿಸಿ ಕೊಡ್ಲೇನ್ರಿ?' ಅಂದಳು. ಅವನು ಮುಖ ತಿರುಗಿಸಿದ. ದಣಿದಿದ್ದಾನೆ ಅಂದುಕೊಂಡೆವು. ಮರುದಿನವೂ ದಣಿವೇ ಅಂದುಕೊಂಡೆವು.

ಆಮೇಲೆ ಅಂದುಕೊಳ್ಳುವುದಕ್ಕೆ ಏನೂ ಉಳಿಯಲಿಲ್ಲ, ಅವನು 'ಆತು' ಅನ್ನುವುದನ್ನೂ ಬಿಟ್ಟಿದ್ದ. ಡಾಕ್ಟರಿಗೆ ತೋರಿಸಿದೆವು. ಹೊಸದಾಗಿ ಏನೂ ಆಗಿಲ್ಲ, ಮನಸ್ಸಿಗೆ ಹಚ್ಚಿಕೊಂಡಿರಬೇಕು, ಕಾದು ನೋಡಿ ಅಂದರು. ನನಗೆ ಕಾಯುವ ಆಸೆಯೂ ಇಲ್ಲ. ಆಡಿದರೆ ಮತ್ತೆ ಮಂದಿ ಎದುರು ತಪ್ಪುತ್ತದೆಂದು ಅವನು ಬಾಯಿಗೆ ಬೀಗ ಹಾಕಿಕೊಂಡಿದ್ದಾನೆ. ತೆರೆಯುವ ಶಬ್ದ ಯಾವುದು, ಕೊಡಬೇಕಾದವನು ನಾನು, ನನಗೇ ಗೊತ್ತಿಲ್ಲ. ಅತ್ತಿಗೆಯ ಮುಖ ನೋಡಲಾರದೆ ನಾನು ಊರಿಗೆ ಹೋಗುವುದನ್ನೇ ಕಡಿಮೆ ಮಾಡಿದ್ದೆ.

ಮೊನ್ನೆ ಹೋದಾಗ ಪಡಸಾಲೆಯಲ್ಲಿ ಅಣ್ಣ ಗೋಡೆಗೆ ಮುಖ ಮಾಡಿ ಮಲಗಿದ್ದ. ನಾನು ಹೊಸ್ತಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಅತ್ತಿಗೆ ಒಳಗಿನಿಂದ ಸೆರಗಿಗೆ ಕೈ ಒರೆಸುತ್ತ ಬಂದು ಅವನ ತಲೆಯ ಹತ್ತಿರ ನಿಂತಳು.

'ಬಿಸಿಲು ಬರಾಕತ್ತೈತಿ. ಕಿಡಕಿ ಹಾಕ್ಲೇನ್ರಿ?'

ಕಾದಳು. ಅವನು ಅಲ್ಲಾಡಲಿಲ್ಲ. ಅವಳು ತನ್ನ ದನಿಯನ್ನು ಅವನದಷ್ಟೇ ದಪ್ಪ ಮಾಡಿಕೊಂಡು, ತಾನೇ 'ಆತು' ಅಂದಳು. ಅಂದು ಕಿಟಕಿ ಹಾಕಿದಳು.